ಹತ್ತುವ ಮೊದಲೇ ಇಳಿಯುವ ಹೊತ್ತು ಗೊತ್ತಿರಲಿ

ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ ಜಲಪಾತದಲ್ಲಿ ಇಂದು ನೀರು ಎಷ್ಟಿರುತ್ತದೆ ಎಂಬುದನ್ನು ಅಲ್ಲಿನ ಆಕಾಶ ನೋಡಿ ಹೇಳಲಾಗದು. ಕೊಡಗಿನಲ್ಲಿ ಮಳೆ ಹಿಡಿದು, ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿ ಗೇಟು ಎತ್ತಿದರೆ, ಇಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. ವಯನಾಡಿನ ಮಳೆ ತುಂಬಿಸಿದ ಕಬಿನಿಯೂ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಇಲ್ಲಿಗೇ ಬರಬೇಕು. ಜಲಪಾತದ ಬಂಡೆಯ ಮೇಲೆ ನಿಂತವನಿಗೆ ಇದ್ಯಾವುದೂ ಕಾಣುವುದಿಲ್ಲ. ನಮ್ಮ ಮಂಡ್ಯ ಜಿಲ್ಲೆಯವರಿಗೆ ಇದು ಹೊಸ ವಿಷಯವಲ್ಲ. ಕಟ್ಟೆಯಿಂದ ನೀರು ಬಿಡುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುವುದನ್ನು ಕೇಳುತ್ತಲೇ ಬೆಳೆದವರು ನಾವು. ಹಿಮಾಚಲದ ಸ್ಪಿತಿಯಲ್ಲಿ ಜನವರಿ ಚಳಿಗೆ ಹೆಪ್ಪುಗಟ್ಟಿ ನಿಂತ ಜಲಪಾತವನ್ನು ಹಗ್ಗ ಕಟ್ಟಿಕೊಂಡು ಪಿಚ್ ಮೇಲೆ ಪಿಚ್ (ಒಂದೊಂದು ಹಗ್ಗದಳತೆಯ ಹಂತ) ಹತ್ತುವ ವಿದ್ಯೆಯಿಂದ ನಾನು ಕಲಿತದ್ದೂ ಇದನ್ನೇ. ಕೈಗೆ ಸಿಗುವ ಐಸ್ ಎಷ್ಟೇ ಗಟ್ಟಿಯಿರಲಿ, ಅಪಾಯ ಬರುವುದು ಕಣ್ಣಿಗೆ ಬೀಳದ ಮೇಲುಗಡೆಯಿಂದ. ಹಾಗಾಗಿ ಎಷ್ಟು ಹೊತ್ತಿಗೆ ಹಿಂತಿರುಗಬೇಕು ಎನ್ನುವುದು ನೆಲದ ಮೇಲೆ, ಹಗ್ಗ ಬಿಚ್ಚುವ ಮೊದಲೇ ತೀರ್ಮಾನವಾಗಬೇಕು.

ಹೆಪ್ಪುಗಟ್ಟಿದ ಜಲಪಾತದೊಳಗೆ, ಬಂಡೆಗೂ ಐಸಿಗೂ ನಡುವೆ, ನೀರು ಇನ್ನೂ ಹರಿಯುತ್ತಿರಬಹುದು. ಐಸ್ ಆಕ್ಸ್ ಬಿದ್ದಾಗ ಬರುವ ಟೊಳ್ಳು ಸದ್ದೇ ಅದರ ಗುರುತು. ಕೊರೆಯುವ ಚಳಿಯಲ್ಲಿ ಐಸ್ ಪೆಡಸಾಗಿರುತ್ತದೆ. ಆಕ್ಸ್ ಊರಿದ ಕಡೆ ತಟ್ಟೆಯಗಲದ ಚಕ್ಕೆಗಳೆದ್ದು ಕೆಳಕ್ಕೆ ಹಾರುತ್ತವೆ. ಬಿಲೇ ಕೊಡುವವನು, ಅಂದರೆ ಹತ್ತುವವನ ಹಗ್ಗ ಹಿಡಿದು ಕಾಯುವವನು, ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುವುದು ಈ ಕಾರಣಕ್ಕೆ. ಬಿಸಿಲು ಬಿದ್ದ ಮೇಲೆ ಲೆಕ್ಕವೇ ಬೇರೆ. ತುದಿಯಲ್ಲಿ ಜೋತುಬಿದ್ದ ಐಸಿನ ಕೋಲುಗಳು ಸಡಿಲವಾಗುತ್ತವೆ. ನಮ್ಮನ್ನು ಹಿಡಿದಿಡಬೇಕಾದ ಐಸ್ ಸ್ಕ್ರೂ ಒಂದು ಟೊಳ್ಳು ಲೋಹದ ಕೊಳವೆ, ಗೇಣಿನಷ್ಟೂ ಇರಲಿಕ್ಕಿಲ್ಲ. ಆ ಲೋಹ ಬಿಸಿಲು ಹೀರಿ ತನ್ನ ಸುತ್ತಲಿನ ಐಸನ್ನು ತಾನೇ ಕರಗಿಸುತ್ತದೆ. ಬೆಳಿಗ್ಗೆ ನಂಬಬಹುದಾಗಿದ್ದ ಸ್ಕ್ರೂವನ್ನು ಮಧ್ಯಾಹ್ನ ನಂಬುವಂತಿಲ್ಲ. ಮೋಡ ಕವಿದ ದಿನ ಈ ಭಯ ಕಡಿಮೆ ಎನ್ನಬಹುದು. ಆದರೆ ಆ ಮೋಡ ಹಿಮ ಸುರಿಸಿದರೆ, ಜಲಪಾತವೆಂದರೆ ಮೇಲಿನ ಇಳಿಜಾರಿನದೆಲ್ಲ ಬಂದು ಬೀಳುವ ಕೊರಕಲು ತಾನೆ, ನೀರಿನ ದಾರಿಯಲ್ಲೇ ಹಿಮವೂ ಜಾರಿ ಬರುತ್ತದೆ.

ಒಂದು ಸರಳ ಲೆಕ್ಕ ಹಾಕಿ ನೋಡಿ. ಐದು ಪಿಚ್, ಒಂದಕ್ಕೆ ಒಂದು ಗಂಟೆ. 8ಕ್ಕೆ ಹೊರಟರೆ 1 ಗಂಟೆಗೆ ತುದಿ. ಹಗ್ಗದ ಮೇಲೆ ಜಾರಿ ಇಳಿಯುವಾಗ ಪ್ರತಿ ರ‍್ಯಾಪೆಲ್‌ಗೂ ಆಧಾರ ಬೇಕು. ಉದ್ದನೆಯ ಸ್ಕ್ರೂವಿನಿಂದ ಐಸಿನಲ್ಲಿ ಓರೆಯಾಗಿ ಎರಡು ತೂತು ಕೊರೆದು, ಅವು ಒಳಗೆ ಕೂಡುವಂತೆ ಮಾಡಿ, ಹುರಿ ತೂರಿಸಿ, ತಂತಿಯ ಕೊಕ್ಕೆಯಿಂದ ಅದನ್ನು ಆಚೆಗೆಳೆದು ಗಂಟು ಹಾಕಬೇಕು. ಸೋವಿಯತ್ ಪರ್ವತಾರೋಹಿ ವಿತಾಲಿ ಅಬಲಾಕೋವ್ ಹೆಸರಿನಲ್ಲಿರುವ ಈ ಉಪಾಯ ಬಲು ಚೆನ್ನ, ಆದರೆ ಮರಗಟ್ಟಿದ ಬೆರಳಿಗೆ ಆ ಕೊಕ್ಕೆಗೆ ಹುರಿ ಸಿಕ್ಕಿಸುವುದೇ ಕಷ್ಟ. ಒಂದಕ್ಕೆ ಅರ್ಧ ಗಂಟೆ ಹಿಡಿದರೆ ನೆಲ ಮುಟ್ಟುವುದು 3.30ಕ್ಕೆ. ಮೊದಲ ಪಿಚ್‌ಗಳಲ್ಲೇ ಒಂದು ಗಂಟೆ ತಡವಾಯಿತೆನ್ನಿ. ಇಳಿದು ಮುಗಿಸುವಾಗ 4.30, ಬೆಟ್ಟದ ಹಿಂದೆ ಸೂರ್ಯ ಸರಿದು ಚಳಿ ಇಮ್ಮಡಿಸುವ ಹೊತ್ತು. ಒಂದು ಹಗ್ಗ ಸಿಕ್ಕಿಕೊಂಡರೆ ಕತ್ತಲು. 1 ಗಂಟೆಗೆ ಎಲ್ಲಿದ್ದರೂ ಇಳಿಯುವುದೆಂದು ಮೊದಲೇ ಮಾತಾಗಿದ್ದರೆ ನಾಲ್ಕನೇ ಪಿಚ್‌ನಿಂದ ಬೆಳಕಿನಲ್ಲೇ ಕೆಳಗೆ ಬರಬಹುದು.

ಅನುಭವಸ್ಥನಿಗೆ ಗಡುವು ಯಾಕೆ, ಐಸ್ ನೋಡಿ ಅವನೇ ತೀರ್ಮಾನಿಸುತ್ತಾನಲ್ಲ ಎಂಬ ವಾದವಿದೆ. ಅನುಭವಕ್ಕೂ ಕಂಡದ್ದನ್ನು ಅಳೆಯಲು ಮಾತ್ರ ಸಾಧ್ಯ. ಜೊತೆಗೆ ಹಗ್ಗಕ್ಕೆ ಇಬ್ಬರು ಕಟ್ಟಿಕೊಂಡಿರುತ್ತಾರೆ. ಕೆಳಗೆ ನಡುಗುತ್ತ ಬಿಲೇ ಹಿಡಿದ ಹೊಸಬ, ಮೇಲಿರುವ ಹಿರಿಯನಿಗೆ ‘ಅಣ್ಣ, ಸಾಕು’ ಎನ್ನಲು ಹಿಂಜರಿಯುತ್ತಾನೆ. ಹೊತ್ತು ಮೊದಲೇ ಗೊತ್ತಾಗಿದ್ದರೆ ಅವನಿಗೂ ಆ ಮಾತಾಡುವ ಹಕ್ಕು ಸಿಗುತ್ತದೆ. ನನ್ನ ಮಟ್ಟಿಗೆ ಗಡುವಿನ ದೊಡ್ಡ ಪ್ರಯೋಜನ ಇದೇ. ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ: ರಜೆ ಹಾಕಿ, ಸಾಲ ಮಾಡಿ, ಮಂಡ್ಯದಿಂದ ಸ್ಪಿತಿಯ ಕಾಜಾದವರೆಗೆ ಹೋದವನು ತುದಿ ಮುಟ್ಟದೆ ಬರುವುದೆ? ಸಂಕಟ ನಿಜ. ಆದರೆ ಮೇಲೆ ಹೋದಷ್ಟೂ ಆ ದುಡ್ಡು, ಆ ದೂರ ತಲೆಯೊಳಗೆ ಭಾರವಾಗುತ್ತವೆ. ಹಾಗಾಗಿಯೇ ನಿರ್ಧಾರವನ್ನು ಅಲ್ಲಿಗೆ ಉಳಿಸಿಕೊಳ್ಳಬಾರದು.

ಐಸೇ ಇಲ್ಲದ ಊರಿನವರು ಇದನ್ನು ಕಲಿಯುವುದೆಲ್ಲಿ ಎಂದರೆ, ಆಕ್ಸ್ ಹೊಡೆಯುವುದನ್ನು ಇಲ್ಲಿ ಕಲಿಯಲಾಗದು, ಒಪ್ಪುತ್ತೇನೆ. ಹೊತ್ತಿಗೆ ಇಳಿಯುವುದನ್ನು ಇಲ್ಲಿನ ಬಂಡೆಗಳ ಮೇಲೆ ಕಲಿಯಬಹುದು. ಪಾಂಡವಪುರದ ಕುಂತಿಬೆಟ್ಟ ನಮ್ಮದೇ ಜಿಲ್ಲೆಯಲ್ಲಿದೆ. ಮದ್ದೂರಿನಲ್ಲಿ ರೈಲು ಹತ್ತಿದರೆ ರಾಮನಗರ ದೂರವಿಲ್ಲ. ಸಾವನದುರ್ಗದಲ್ಲಿ ‘ಬೆಳದಿಂಗಳು’, ‘ದೀಪಾವಳಿ’ಯಂಥ ಹಲವು ಪಿಚ್‌ಗಳ ದಾರಿಗಳಿವೆ. ಅಲ್ಲಿಯೂ ಸೂರ್ಯನೇ ಯಜಮಾನ: ಬಂಡೆ ಕಾದಂತೆ ಶೂ ಹಿಡಿತ ಕಡಿಮೆಯಾಗುತ್ತದೆ, ನೀರಡಿಕೆ ಹೆಚ್ಚುತ್ತದೆ. ಅಲ್ಲಿ ಹತ್ತುವ ಹುಡುಗರು ಬುಡದಲ್ಲೇ ಇಳಿಯುವ ಹೊತ್ತನ್ನು ಬಾಯಿಬಿಟ್ಟು ಹೇಳಿಕೊಂಡು, ಒಂದೇ ಪಿಚ್ ಉಳಿದಿದ್ದರೂ ಆ ಹೊತ್ತಿಗೆ ಇಳಿಯುವುದನ್ನು ರೂಢಿಸಿಕೊಳ್ಳಲಿ.