ಬೆಟ್ಟದ ಸೀಮೆಯಲ್ಲಿ ಬೈಸಿಕಲ್ ಸಂಚಾರ

ಭೂಪಟದಲ್ಲಿ ಹೊಸೂರು ಒಂದು ಚುಕ್ಕೆ, ಕೃಷ್ಣಗಿರಿ ಇನ್ನೊಂದು ಚುಕ್ಕೆ. ಅವುಗಳ ನಡುವೆ ಸುಮಾರು 50 ಕಿಲೋಮೀಟರ್ ಉದ್ದದ ಒಂದು ಗೆರೆ. ಬಸ್ಸಿನಲ್ಲಿ ಕುಳಿತು ಹೋಗುವವರಿಗೆ ಆ ಗೆರೆ ಒಂದು ಗಂಟೆಯ ತೂಕಡಿಕೆಯಲ್ಲಿ ಮುಗಿದುಹೋಗುತ್ತದೆ. ಬೈಸಿಕಲ್ಲಿನ ಮೇಲೆ ಹೋಗುವವರಿಗೆ ಅದೇ ಗೆರೆಯಲ್ಲಿ ಏರಿಳಿತಗಳುಂಟು, ಎದುರುಗಾಳಿಯುಂಟು, ಹಳ್ಳಕೊಳ್ಳಗಳುಂಟು, ನೀರು ಕೊಡುವ ಮನೆಗಳುಂಟು. ನಾಡನ್ನು ಕಣ್ಣಿನಿಂದ ನೋಡುವುದು ಒಂದು ಬಗೆಯ ಅರಿವು. ಕಾಲಿನಿಂದ ಅಳೆಯುವುದು ಮತ್ತೊಂದು ಬಗೆಯ ಅರಿವು. ಈ ಎರಡನೆಯ ಅರಿವನ್ನು ನಮ್ಮ ಬಾಲಕ ಬಾಲಿಕೆಯರು ಹೇಗೆ ಪಡೆಯಬಹುದು, ಅದಕ್ಕೆ ಬೇಕಾದ ಸಿದ್ಧತೆ ಯಾವುದು, ಗುಂಪಾಗಿ ಹೊರಟಾಗ ಪಾಲಿಸತಕ್ಕ ನಿಯಮಗಳಾವುವು ಎಂಬುದನ್ನು ಇಲ್ಲಿ ವಿಚಾರಿಸೋಣ. ಕೊನೆಯಲ್ಲಿ ತಂದೆತಾಯಿಗಳಿಗೂ ಒಂದೆರಡು ಮಾತುಗಳನ್ನು ಹೇಳಬೇಕಾಗಿದೆ.

ನಾಡಿನ ರೂಪ

ಹೊಸೂರು ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೃಷ್ಣಗಿರಿ ಅದಕ್ಕಿಂತ 300 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಹಿಂದಿನವರು ಮೇಲಿನ ಸೀಮೆಯನ್ನು ಬಾಲಾಘಾಟು ಎಂದೂ ಕೆಳಗಿನ ಸೀಮೆಯನ್ನು ಬಾರಾಮಹಲು ಎಂದೂ ಕರೆಯುತ್ತಿದ್ದರು. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸಾಮಾನ್ಯವಾಗಿ ಆರೂವರೆ ಡಿಗ್ರಿಯಷ್ಟು ತಗ್ಗುತ್ತದೆ. ಈ ಲೆಕ್ಕದಂತೆ ಹೊಸೂರಿಗೂ ಕೃಷ್ಣಗಿರಿಗೂ ಎರಡು ಡಿಗ್ರಿಯ ವ್ಯತ್ಯಾಸವಿರಬೇಕು. ಇಳಿಜಾರಿನಲ್ಲಿ ಬರುತ್ತಿರುವಾಗ ಮೈಗೆ ತಾಗುವ ಗಾಳಿ ಮೆಲ್ಲಮೆಲ್ಲನೆ ಬೆಚ್ಚಗಾಗುವುದಕ್ಕೆ ಇದೇ ಕಾರಣ. ಬೆಳೆಗಳೂ ಈ ಮಾತಿಗೆ ಸಾಕ್ಷಿ. ಮೇಲೆ ರಾಗಿ, ಅವರೆ, ಹೊಸೂರಿನ ಗುಲಾಬಿ ತೋಟಗಳು. ಕೆಳಗೆ ಇಳಿದಂತೆ ಮಾವಿನ ತೋಪುಗಳು ಹೆಚ್ಚುತ್ತವೆ. ಕೃಷ್ಣಗಿರಿಯ ಮಾವು ಪರದೇಶಗಳಲ್ಲಿಯೂ ಹೆಸರಾದದ್ದು.

ಈ ಇಳಿಜಾರು ಒಂದು ಕಾಲಕ್ಕೆ ರಾಜ್ಯದ ಗಡಿಯೂ ಆಗಿದ್ದಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಹೊಸೂರಿನ ಸೀಮೆ 1799ರವರೆಗೆ ಮೈಸೂರಿಗೆ ಸೇರಿದ್ದಿತು. ಏಳು ವರ್ಷಗಳ ಕಾಲ ಮೇಲಿನವರು ಒಂದು ರಾಜ್ಯದವರು, ಕೆಳಗಿನವರು ಇನ್ನೊಂದು ರಾಜ್ಯದವರು. ರಾಯಕೋಟೆಯ ಬಂಡೆಯ ಮೇಲೆ ಅಷ್ಟು ಎತ್ತರದಲ್ಲಿ ದುರ್ಗವನ್ನೇಕೆ ಕಟ್ಟಿದರೆಂದು ಚರಿತ್ರೆಯ ಪುಸ್ತಕ ಹೇಳುತ್ತದೆ: ಮೇಲಕ್ಕೆ ಬರುವ ದಾರಿಯನ್ನು ಕಾಯುವುದಕ್ಕಾಗಿ. ಆ ದಾರಿಯಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ಒಮ್ಮೆ ಏರಿ ಬಂದ ವಿದ್ಯಾರ್ಥಿಗೆ ಈ ವಾಕ್ಯವನ್ನು ಬಾಯಿಪಾಠ ಮಾಡುವ ಅವಶ್ಯಕತೆ ಇರುವುದಿಲ್ಲ. ಏದುಸಿರು ಬಿಡುತ್ತ ಮೇಲೇರುವ ಸೈನ್ಯವನ್ನು ಮೇಲಿದ್ದ ಕೆಲವರೇ ತಡೆಯಬಹುದೆಂಬುದು ಅವನ ಮೊಣಕಾಲುಗಳಿಗೇ ತಿಳಿದಿರುತ್ತದೆ.

ನದಿಗಳ ಪಾಠವೂ ಹೀಗೆಯೇ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟನ್ನೂ ಮುಂದೆ ಕೃಷ್ಣಗಿರಿ ಅಣೆಕಟ್ಟನ್ನೂ ದಾಟಿ, ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಡೆಂಕಣಿಕೋಟೆಯನ್ನು ದಾಟಿ ಅಂಚೆಟ್ಟಿಯ ಕಡೆಗೆ ಹೋದರೆ ಅಲ್ಲಿಯ ಹಳ್ಳಗಳು ಕಾವೇರಿಯತ್ತ ಹರಿಯುತ್ತವೆ. ಹೊಸೂರಿನಿಂದ ಹೊರಟ ಸವಾರನು ಎಲ್ಲಿಯೋ ಒಂದು ದಿಣ್ಣೆಯ ನೆತ್ತಿಯಲ್ಲಿ ಎರಡು ನದಿಗಳ ಜಲಾನಯನ ಪ್ರದೇಶಗಳ ಎಲ್ಲೆಯನ್ನು ದಾಟಿರುತ್ತಾನೆ. ಅದು ಎಲ್ಲಿ ಎಂಬುದನ್ನು ಹಳ್ಳಗಳ ಹರಿವನ್ನು ನೋಡಿ ಕಂಡುಹಿಡಿಯುವುದು ಒಂದು ಉತ್ತಮ ಅಭ್ಯಾಸ.

ಯಂತ್ರದ ಗುಟ್ಟು

1817ರಲ್ಲಿ ಜರ್ಮನಿಯ ಕಾರ್ಲ್ ದ್ರೈಸ್ ಎಂಬುವನು ಎರಡು ಚಕ್ರದ ಮರದ ಗಾಡಿಯೊಂದನ್ನು ರಚಿಸಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಕಾಲಿನಿಂದ ನೆಲವನ್ನು ಒದೆಯುತ್ತ ಸಾಗಬೇಕಾಗಿದ್ದಿತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ಹೆಚ್ಚುಕಡಿಮೆ ಸಮಾನವಾದ ಎರಡು ಚಕ್ರಗಳೂ ಹಿಂದಿನ ಚಕ್ರಕ್ಕೆ ಚೈನೂ ಇರುವ ಬೈಸಿಕಲ್ಲನ್ನು ತಯಾರಿಸಿದನು. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರವನ್ನು ಪಡೆದನು. ನಮ್ಮ ದೇಶದಲ್ಲಿ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್ ಸಂಸ್ಥೆ ಸ್ಥಾಪಿತವಾಯಿತು. ನಿಮ್ಮ ಬೈಸಿಕಲ್ಲಿನ ಮೂಲ ಆಕಾರ ಸ್ಟಾರ್ಲೆಯ ಬೈಸಿಕಲ್ಲಿನದೇ ಎಂಬುದು ಗಮನಿಸತಕ್ಕ ಸಂಗತಿ.

ಈಗ ನಿಮ್ಮ ಬೈಸಿಕಲ್ಲಿನ ಹಲ್ಲುಚಕ್ರಗಳನ್ನು ನೋಡಿರಿ. ಮುಂದಿನದಕ್ಕೆ 44 ಹಲ್ಲು, ಹಿಂದಿನದಕ್ಕೆ 22 ಹಲ್ಲು ಇವೆಯೆಂದು ಭಾವಿಸೋಣ. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎರಡು ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.2 ಮೀಟರ್ ಆದರೆ ಬೈಸಿಕಲ್ಲು 4.4 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 33 ಹಲ್ಲಿನ ಚಕ್ರವಿದ್ದರೆ ಅದೇ ಒಂದು ಸುತ್ತಿಗೆ ಸುಮಾರು 2.9 ಮೀಟರ್ ಮಾತ್ರ ಸಾಗುತ್ತೇವೆ. ಆದರೆ ತುಳಿತ ಅಷ್ಟೇ ಹಗುರಾಗುತ್ತದೆ. ಗೇರುಳ್ಳ ಬೈಸಿಕಲ್ಲು ಏರಿನಲ್ಲಿ ಮಾಡುವ ಉಪಕಾರ ಇಷ್ಟೆ: ಅದು ಒಟ್ಟು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಸಣ್ಣ ಸಣ್ಣ ಕಂತುಗಳಾಗಿ ಹಂಚಿಕೊಡುತ್ತದೆ. ಗೇರಿಲ್ಲದ ಬೈಸಿಕಲ್ಲಿನವರು ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಏರಿಗೆ ಎಷ್ಟು ಶಕ್ತಿ ಬೇಕು? ಸವಾರನೂ ಬೈಸಿಕಲ್ಲೂ ಸೇರಿ 60 ಕಿಲೋಗ್ರಾಂ ಇರಲಿ. ಏರಬೇಕಾದ ಎತ್ತರ 300 ಮೀಟರ್ ಇರಲಿ. 60, 9.8, 300 ಇವುಗಳನ್ನು ಗುಣಿಸಿದರೆ 1,76,400 ಜೂಲ್, ಎಂದರೆ ಸುಮಾರು 42 ಕಿಲೋಕ್ಯಾಲೊರಿ ಬರುತ್ತದೆ. ನಮ್ಮ ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತವೆ. ಆದುದರಿಂದ ದೇಹಕ್ಕೆ ತಗಲುವ ವೆಚ್ಚ ಸುಮಾರು 170 ಕಿಲೋಕ್ಯಾಲೊರಿ. ಎರಡು ಬಾಳೆಹಣ್ಣುಗಳು ಇಷ್ಟನ್ನು ಒದಗಿಸಬಲ್ಲವು! ಗಾಳಿಯ ತಡೆಗೂ ನಡುವಣ ಸಣ್ಣ ಏರುಗಳಿಗೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕೆಂಬುದು ನಿಜ. ಆದುದರಿಂದಲೇ ಬುತ್ತಿಯಲ್ಲಿ ಅವಲಕ್ಕಿ, ಬೆಲ್ಲ, ಕಡಲೆಕಾಯಿಗಳಿರುವುದು ಒಳ್ಳೆಯದು.

ಇಳಿತದ ಗಣಿತ ಇದಕ್ಕಿಂತ ಮುಖ್ಯವಾದದ್ದು. ವೇಗ ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲುವುದಕ್ಕೆ ಬೇಕಾಗುವ ದೂರ ನಾಲ್ಕು ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವವನು ಒಂದು ಸೆಕೆಂಡು ಮೈಮರೆತರೆ ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತಾನೆ. ಮಳೆಯಲ್ಲಿ ರಿಮ್ಮು ಒದ್ದೆಯಾಗಿದ್ದರೆ ಬ್ರೇಕಿನ ಹಿಡಿತ ಇನ್ನೂ ತಗ್ಗುತ್ತದೆ. ಆದುದರಿಂದ ಇಳಿಜಾರಿನಲ್ಲಿ ಎರಡು ಬ್ರೇಕುಗಳನ್ನೂ ಹದವಾಗಿ, ಬಿಟ್ಟು ಬಿಟ್ಟು ಹಿಡಿಯಬೇಕು. ತಿರುವಿನೊಳಕ್ಕೆ ನುಗ್ಗಿದ ಮೇಲಲ್ಲ, ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಬೇಕು.

ಸಂಘಸಂಚಾರದ ಧರ್ಮ

ಫ್ರಾನ್ಸಿನ ಸಂತ್ ಎತಿಯೆನ್ ಪಟ್ಟಣದ ಸುತ್ತ ಗುಡ್ಡಗಾಡು ಸೀಮೆಯಿದೆ. ಅಲ್ಲಿ ನೆಲೆಸಿದ್ದ ಪಾಲ್ ದ ವಿವಿ ಎಂಬ ಮಹನೀಯನು ಹಲವು ಗೇರುಗಳುಳ್ಳ ಬೈಸಿಕಲ್ಲೇ ಬೆಟ್ಟಕ್ಕೆ ತಕ್ಕದ್ದೆಂದು ಜೀವಮಾನವೆಲ್ಲ ಪ್ರತಿಪಾದಿಸಿದನು. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬುದು ಅವನ ಉಪದೇಶಗಳಲ್ಲಿ ಮುಖ್ಯವಾದದ್ದು. ಅವನು 1930ರಲ್ಲಿ ಕಾಲವಾದನು. ನಮ್ಮ ಸಮೀಪದಲ್ಲಿಯೇ ಹೇಳುವುದಾದರೆ, 2008ರಲ್ಲಿ ಬೆಂಗಳೂರಿನ ಸವಾರರು ನೀಲಗಿರಿ ಪ್ರವಾಸವನ್ನು ಆರಂಭಿಸಿದರು. ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಹಿಮ್ಮುರಿ ತಿರುವುಗಳಿವೆ. ಅಂತಹ ಏರಿನಲ್ಲಿ ಸವಾರನನ್ನು ಮುಂದೆ ನಡೆಸುವುದು ಅವನ ತೊಡೆಯ ಬಲವಷ್ಟೇ ಅಲ್ಲ. ಪಕ್ಕದಲ್ಲಿ ಅಷ್ಟೇ ಬೆವರುತ್ತ ಬರುತ್ತಿರುವ ಜೊತೆಗಾರನ ಸಾನ್ನಿಧ್ಯವೂ ಹೌದು.

ಈ ಜೊತೆಗಾರಿಕೆಗೆ ಒಂದು ಧರ್ಮವುಂಟು. ಗುಂಪಿನ ವೇಗವನ್ನು ನಿರ್ಣಯಿಸತಕ್ಕವನು ಎಲ್ಲರಿಗಿಂತ ನಿಧಾನವಾಗಿ ತುಳಿಯುವವನು. ಬಲಶಾಲಿಯೊಬ್ಬನು ಮುಂದೆ ಹೋಗಿ ಬೆಟ್ಟದ ತುದಿಯಲ್ಲಿ ವಿಶ್ರಮಿಸಿಕೊಂಡು, ಹಿಂದಿನವನು ಬಂದು ಸೇರಿದೊಡನೆಯೇ ಮತ್ತೆ ಹೊರಟರೆ, ವಿಶ್ರಾಂತಿ ಬೇಕಾದವನಿಗೆ ಅದು ದೊರೆಯುವುದೇ ಇಲ್ಲ. ಇದು ಅನ್ಯಾಯವಷ್ಟೆ? ಆದುದರಿಂದ ಕೊನೆಯವನು ಬಂದು, ನೀರು ಕುಡಿದು, ದಣಿವಾರಿಸಿಕೊಂಡ ಮೇಲೆಯೇ ಗುಂಪು ಹೊರಡತಕ್ಕದ್ದು. ದಾರಿಯನ್ನು ಬಲ್ಲವರೊಬ್ಬರು ಮುಂದೆ, ರಿಪೇರಿಯನ್ನು ಬಲ್ಲವರೊಬ್ಬರು ಹಿಂದೆ ಇರಬೇಕು. ಪಂಪು, ಪಂಕ್ಚರಿಗೆ ಬೇಕಾದ ಪ್ಯಾಚು ಮತ್ತು ಸೊಲ್ಯೂಷನ್, ಸ್ಪ್ಯಾನರು, ಒಂದು ಟ್ಯೂಬು, ಗಾಯಕ್ಕೆ ಔಷಧ ಇವು ಗುಂಪಿನ ಸೊತ್ತಾಗಿರಲಿ. ಗಾಡಿಗಳು ಓಡಾಡುವ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ತಲೆಗೆ ಹೆಲ್ಮೆಟ್ ಇಲ್ಲದೆ ಯಾರೂ ಹೊರಡಬಾರದು.

ಹಳ್ಳಿಯವರೊಡನೆ ನಡೆದುಕೊಳ್ಳುವ ರೀತಿಯೂ ಶಿಕ್ಷಣದ ಒಂದು ಭಾಗ. ನಮ್ಮ ಸೀಮೆಯಲ್ಲಿ ಒಂದೇ ದಿನದ ಸಂಚಾರದಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ದಾರಿ ಕೇಳುವುದಕ್ಕೂ ನೀರು ಬೇಡುವುದಕ್ಕೂ ಸಾಕಾಗುವಷ್ಟು ಮಾತುಗಳನ್ನು ಮೂರು ಭಾಷೆಗಳಲ್ಲಿಯೂ ಕಲಿತಿರಬೇಕು. ಹಿರಿಯರನ್ನು ಅವರ ಮಾತಿನಲ್ಲಿಯೇ ‘ಅಣ್ಣಾ’, ‘ಅಮ್ಮಾ’, ‘ತಾತಾ’ ಎಂದು ಕರೆದು ಕೇಳಿದ ಮಕ್ಕಳಿಗೆ ದಾರಿಯೂ ಸಿಕ್ಕುತ್ತದೆ, ಒಂದು ಲೋಟ ಮಜ್ಜಿಗೆಯೂ ಸಿಕ್ಕುತ್ತದೆ. ಹೊಲದಲ್ಲಿ ಬೈಸಿಕಲ್ಲು ಹಾಯಿಸುವುದು, ತೋಪಿನ ಮಾವಿಗೆ ಕಲ್ಲು ಬೀರುವುದು, ಕಾಗದ ಪ್ಲಾಸ್ಟಿಕ್ಕುಗಳನ್ನು ಎಸೆದು ಬರುವುದು ನಮ್ಮ ಶಾಲೆಯ ಹೆಸರಿಗೆ ಶೋಭಿಸುವುದಿಲ್ಲ.

ಕಾಡಿನ ಮರ್ಯಾದೆ

ತಳಿ, ಜವಳಗಿರಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಕಾಡು ಆನೆಗಳ ಸಂಚಾರಭೂಮಿ. ಬನ್ನೇರುಘಟ್ಟದಿಂದ ಕಾವೇರಿಯವರೆಗೆ ಹಬ್ಬಿರುವ ಈ ಅರಣ್ಯದ ದೊಡ್ಡ ಭಾಗವನ್ನು ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವೆಂದು ಘೋಷಿಸಿತು. ರಾಗಿ ಬಲಿಯುವ ಕಾಲದಲ್ಲಿ ಆನೆಗಳ ಹಿಂಡು ಹೊಲಗಳಿಗೂ ಬರುತ್ತದೆ. ಬೈಸಿಕಲ್ಲು ಸದ್ದಿಲ್ಲದೆ ಸಾಗುತ್ತದೆ. ತಿರುವಿನಾಚೆ ಇರುವ ಆನೆಗೆ ನಾವು ಬರುವುದು ತಿಳಿಯುವುದಿಲ್ಲ, ನಮಗೂ ಅದು ಇರುವುದು ತಿಳಿಯುವುದಿಲ್ಲ. ಆದುದರಿಂದ ಕಾಡಿನ ಅಂಚಿನ ರಸ್ತೆಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೂ ಸಾಯಂಕಾಲದ ಮೇಲೆಯೂ ಹೋಗಲೇಬಾರದು. ಹೊರಡುವ ಮೊದಲು ಊರಿನವರನ್ನೂ ಅರಣ್ಯ ಇಲಾಖೆಯವರನ್ನೂ ವಿಚಾರಿಸಬೇಕು. ಅಪ್ಪಣೆಯಿಲ್ಲದೆ ಕಾಡಿನೊಳಕ್ಕೆ ಕಾಲಿಡಬಾರದು. ಆನೆ ಕಂಡರೆ ಹತ್ತಿರ ಹೋಗದೆ, ಕೂಗದೆ, ಚಿತ್ರ ತೆಗೆಯಲು ನಿಲ್ಲದೆ ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಸಾಹಸವೆಂದರೆ ಅಪಾಯವನ್ನು ಕೆಣಕುವುದಲ್ಲ. ಅಪಾಯವನ್ನು ಅರಿತು, ಅದಕ್ಕೆ ತಕ್ಕಂತೆ ನಡೆದು, ಕ್ಷೇಮವಾಗಿ ಮನೆಗೆ ಬರುವುದು.

ತಂದೆತಾಯಿಗಳಿಗೆ ಎರಡು ಮಾತು

ಬೈಸಿಕಲ್ಲು ಗಂಡುಮಕ್ಕಳ ಆಟದ ವಸ್ತುವೆಂದು ಇನ್ನೂ ಕೆಲವರು ಭಾವಿಸುತ್ತಾರೆ. ಬೆಟ್ಟದ ಮೇಲಣ ಹಳ್ಳಿಯಿಂದ ಪ್ರೌಢಶಾಲೆ ಎಷ್ಟು ದೂರವಿದೆಯೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆ ದೂರ ಹೆಚ್ಚಾದಷ್ಟೂ ಹೆಣ್ಣುಮಗುವಿನ ವಿದ್ಯಾಭ್ಯಾಸ ಬೇಗನೆ ನಿಂತುಹೋಗುತ್ತದೆ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಬಾಲಿಕೆಯರಿಗೆ ಬೈಸಿಕಲ್ ಕೊಳ್ಳಲು ಹಣ ಕೊಡುವ ಯೋಜನೆಯನ್ನು ಆರಂಭಿಸಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ವಯಸ್ಸಿನ ಬಾಲಿಕೆಯರ ಪ್ರೌಢಶಾಲಾ ದಾಖಲಾತಿ ಶೇಕಡ 32ರಷ್ಟು ಹೆಚ್ಚಿತು. ಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿಯೇ ಈ ಹೆಚ್ಚಳ ಎದ್ದು ಕಂಡಿತು. ನಮ್ಮ ರಾಜ್ಯದ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಡನೆ ಸಾವಿರಾರು ಗ್ರಾಮೀಣ ಸ್ತ್ರೀಯರು ಬೈಸಿಕಲ್ ಕಲಿತರು. ಅಂದಿನ ಕಲೆಕ್ಟರ್ ಶೀಲಾರಾಣಿ ಚುಂಕತ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. ಅಕ್ಷರ ಕಲಿಯುವುದೂ ಬೈಸಿಕಲ್ ಕಲಿಯುವುದೂ ಅಲ್ಲಿ ಜೊತೆಜೊತೆಯಾಗಿ ನಡೆದವು.

ಹೊಸೂರಿನ ಸುತ್ತ ಕಾರ್ಖಾನೆಗಳು ಬೆಳೆದಿವೆ, ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿವೆ. ತಮ್ಮ ಭಯ ಅಕಾರಣವಾದದ್ದೆಂದು ನಾವು ಹೇಳುವುದಿಲ್ಲ. ಭಯಕ್ಕೆ ಪರಿಹಾರ ಮಗುವನ್ನು ಮನೆಯಲ್ಲಿ ಕೂರಿಸುವುದಲ್ಲ. ಜೊತೆ ಕಟ್ಟಿ ಕಳುಹಿಸುವುದು. ಒಂದೇ ಹಳ್ಳಿಯ ನಾಲ್ಕಾರು ಮಕ್ಕಳು ಒಟ್ಟಿಗೆ ಹೊರಟು ಒಟ್ಟಿಗೆ ಬರಲಿ. ಹೆದ್ದಾರಿಯನ್ನು ಬಿಟ್ಟು ಒಳದಾರಿಯಲ್ಲಿ ಹೋಗಲಿ. ವಾರಕ್ಕೊಮ್ಮೆ ತಂದೆಯೋ ತಾಯಿಯೋ ಬ್ರೇಕು, ಬೆಲ್ಲು, ಗಾಳಿಗಳನ್ನು ನೋಡಲಿ. ಕೊನೆಯವನಿಗಾಗಿ ಕಾಯುವುದನ್ನು ಶಾಲೆಯ ದಾರಿಯಲ್ಲಿ ಕಲಿತ ಮಕ್ಕಳು ಮುಂದೆ ಬಾಳಿನಲ್ಲಿಯೂ ಅದನ್ನು ಮರೆಯಲಾರರೆಂಬುದು ನಮ್ಮ ನಂಬಿಕೆ.

ಅಭ್ಯಾಸ

1. ನಿಮ್ಮ ಬೈಸಿಕಲ್ಲಿನ ಎರಡು ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿ, ಪೆಡಲಿನ ಒಂದು ಸುತ್ತಿಗೆ ಎಷ್ಟು ದೂರ ಸಾಗುವಿರೆಂದು ಲೆಕ್ಕ ಹಾಕಿರಿ. ನೆಲದ ಮೇಲೆ ಅಳೆದು ಹೋಲಿಸಿರಿ.

2. ನಿಮ್ಮ ಊರಿನ ಹಳ್ಳದ ನೀರು ಕೊನೆಗೆ ಪಿನಾಕಿನಿಯನ್ನು ಸೇರುವುದೋ ಕಾವೇರಿಯನ್ನು ಸೇರುವುದೋ? ಹಿರಿಯರನ್ನು ಕೇಳಿ, ಭೂಪಟವನ್ನು ನೋಡಿ ನಿರ್ಧರಿಸಿರಿ.

3. ಮನೆಯಿಂದ ಶಾಲೆಯವರೆಗಿನ ದಾರಿಯ ಚಿತ್ರವನ್ನು ಬರೆದು ಏರು, ಇಳಿತ, ಅಪಾಯದ ತಿರುವು, ನೀರು ಸಿಕ್ಕುವ ಸ್ಥಳಗಳನ್ನು ಗುರುತಿಸಿರಿ.

4. ನಿಮ್ಮ ಬೀದಿಯಲ್ಲಿ ಬೈಸಿಕಲ್ ಬಾರದ ಒಬ್ಬರಿಗೆ ಅದನ್ನು ಕಲಿಸಿರಿ.