ಒಂದು ರೀಲ್‌ಗೆ ಎಷ್ಟು ಕೇಳಬೇಕು?

ವಿಶಾಖಪಟ್ಟಣದ ಗಾಜುವಾಕದಲ್ಲಿ ಈಗ ಹೊಸ ಬಿರಿಯಾನಿ ಹೋಟೆಲು ಬಾಗಿಲು ತೆರೆದರೆ ಬ್ಯಾನರಿಗಿಂತ ಮೊದಲು ರೀಲ್ ಬರುತ್ತದೆ. ಸೀರೆ ಅಂಗಡಿ, ಚಿನ್ನದಂಗಡಿ, ಕೋಚಿಂಗ್ ಸೆಂಟರುಗಳದೂ ಇದೇ ಪದ್ಧತಿ. ಯಜಮಾನರಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಬಳ್ಳಾರಿ ಬಿಟ್ಟು ಇಲ್ಲಿ ನೆಲೆಸಿದ ನಾನು, ಗೋಂಗೂರ, ಪೆಸರಟ್ಟುಗಳನ್ನು ಕನ್ನಡದಲ್ಲಿ ಹೇಳಿಕೊಡುವ ಒಂದು ಅಡುಗೆ ಪುಟ ನಡೆಸುತ್ತೇನೆ. ಹಾಗಾಗಿ “ಮೇಡಂ, ಒಂದು ರೀಲ್‌ಗೆ ಎಷ್ಟು ತಗೋತೀರಿ?” ಎಂಬ ಪ್ರಶ್ನೆ ನನಗೂ ಬರುತ್ತದೆ.

ಹೆಚ್ಚಿನವರು ಫಾಲೋವರ್ ಸಂಖ್ಯೆ ನೋಡಿ ರೇಟು ಹೇಳುತ್ತಾರೆ. ಆದರೆ ಆ ಸಂಖ್ಯೆಯಲ್ಲಿ ನಿದ್ದೆ ಹೋದ ಖಾತೆಗಳೂ ಇರುತ್ತವೆ, ದುಡ್ಡು ಕೊಟ್ಟು ತಂದವೂ ಇರಬಹುದು. ಅದಕ್ಕೇ ಜಾಹೀರಾತಿನವರು ಎಂಗೇಜ್‌ಮೆಂಟ್ ಕೇಳುವುದು. ಲೈಕ್, ಕಾಮೆಂಟ್, ಶೇರ್, ಸೇವ್ ಎಲ್ಲ ಕೂಡಿಸಿ, ಫಾಲೋವರ್ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಅದರ ದರ ಸಿಗುತ್ತದೆ. 20,000 ಫಾಲೋವರ್‌ಗಳ ಪುಟಕ್ಕೆ 200 ಸ್ಪಂದನೆ ಬಂದರೆ ಶೇ 1. 4,000ದ ಪುಟಕ್ಕೆ 320 ಬಂದರೆ ಶೇ 8. ಯೂಟ್ಯೂಬ್ ಕೂಡ ಬರೀ ತಲೆ ಎಣಿಸಿ ದುಡ್ಡು ಕೊಡುವುದಿಲ್ಲ. ದೀರ್ಘ ವಿಡಿಯೊಗಳ ಜಾಹೀರಾತಿನಲ್ಲಿ ಶೇ 55ರಷ್ಟು ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು.

ಈ ಶೇಕಡಾ ಲೆಕ್ಕವೂ ಅರ್ಧ ಮಾತ್ರ ಎಂದು ನನಗೆ ತಿಳಿದದ್ದು ಸೀರೆ ಅಂಗಡಿಯವರೊಬ್ಬರು ಬಂದಾಗ. ನನ್ನ ಪುಟದ ಅಂಕಿಅಂಶ ನೋಡಿ ಅವರು ಒಪ್ಪಿಯೇ ಬಿಟ್ಟಿದ್ದರು. ನೋಡುಗರ ಊರುಗಳ ಪಟ್ಟಿಯನ್ನು ನಾನೇ ತೆರೆದು ತೋರಿಸಿದೆ: ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ. ದಾವಣಗೆರೆಯ ಅಕ್ಕ ಎಷ್ಟೇ ಹೃದಯ ಒತ್ತಿದರೂ ಸೀರೆ ಕೊಳ್ಳಲು ಗಾಜುವಾಕಕ್ಕೆ ಬರುವುದಿಲ್ಲ. ಅಂಗಡಿಯವರ ಗಲ್ಲಾಪೆಟ್ಟಿಗೆಯ ಮಟ್ಟಿಗೆ ನನ್ನ ಪುಟದ ಬೆಲೆ ಹೆಚ್ಚುಕಡಿಮೆ ಸೊನ್ನೆ. ಅದೇ ಪುಟ ಅರಕು ಕಾಫಿಯನ್ನೋ ಏಟಿಕೊಪ್ಪಾಕದ ಅರಗಿನ ಆಟಿಕೆಯನ್ನೋ ಕೊರಿಯರ್‌ನಲ್ಲಿ ಕಳಿಸುವವರಿಗೆ ದುಡ್ಡು ತರಬಲ್ಲದು. ಪುಟ ಒಂದೇ, ಎಂಗೇಜ್‌ಮೆಂಟೂ ಒಂದೇ. ಬೆಲೆ ಮಾತ್ರ ಜಾಹೀರಾತು ಕೊಡುವವರ ವ್ಯಾಪಾರದ ಮೇಲೆ ನಿಂತಿದೆ.

ಆದ್ದರಿಂದ ನಾನು ಲೆಕ್ಕವನ್ನು ಅವರ ಕಡೆಯಿಂದ ಶುರುಮಾಡುತ್ತೇನೆ. ಉದಾಹರಣೆಗೆ ಒಂದು ರೀಲನ್ನು 10,000 ಜನ ನೋಡಿದರು, 500 ಜನ ಸ್ಪಂದಿಸಿದರು, 40 ಜನ ಬೆಲೆ ವಿಚಾರಿಸಿದರು, 12 ಜನ ಕೊಂಡರು ಎನ್ನಿ. ಒಂದು ಆರ್ಡರಿಗೆ ಖರ್ಚು ಕಳೆದು 150 ರೂಪಾಯಿ ಉಳಿದರೆ ಒಟ್ಟು ಲಾಭ 1,800. ನಾನು 5,000 ಕೇಳಿದರೆ ಅವರು ಮತ್ತೆ ನನ್ನ ಕಡೆ ತಿರುಗಿ ನೋಡುವುದಿಲ್ಲ; 1,000 ಕೇಳಿದರೆ ಮುಂದಿನ ತಿಂಗಳೂ ಬರುತ್ತಾರೆ. ಆ 1,000ದಲ್ಲಿ ನನ್ನ ಸಾಮಾನು, ಶೂಟಿಂಗ್, ಎಡಿಟಿಂಗ್ ಗಿಟ್ಟದಿದ್ದರೆ ಆ ಕೆಲಸ ನನಗೆ ಬೇಡ. ಮೊದಲ ಸಲ ದರ ಗೊತ್ತಾಗದಾಗ ಒಂದು ಕೂಪನ್ ಕೋಡ್ ಇಟ್ಟು, ಮಾರಾಟವಾದಷ್ಟಕ್ಕೆ ಕಮಿಷನ್ ತೆಗೆದುಕೊಳ್ಳುವುದು ಇಬ್ಬರಿಗೂ ಕ್ಷೇಮ.

ತಲೆಗಿಷ್ಟು ಎಂದು ಬೆಲೆ ಕಟ್ಟಿ ಕೋರ್ಟಿಗೆ ಹೋದವರೂ ಇದ್ದಾರೆ. 2011ರಲ್ಲಿ ಅಮೆರಿಕದ ಫೋನ್‌ಡಾಗ್ ಸಂಸ್ಥೆ, ಕೆಲಸ ಬಿಟ್ಟ ಮೇಲೂ ಟ್ವಿಟರ್ ಖಾತೆಯನ್ನು ಹೆಸರು ಬದಲಿಸಿ ಇಟ್ಟುಕೊಂಡ ನೋಹ್ ಕ್ರಾವಿಟ್ಜ್ ಮೇಲೆ ದಾವೆ ಹೂಡಿತು. ಸುಮಾರು 17,000 ಫಾಲೋವರ್, ತಿಂಗಳಿಗೆ ತಲೆಗೆ ಎರಡೂವರೆ ಡಾಲರ್, ಎಂಟು ತಿಂಗಳು: ಒಟ್ಟು 3,40,000 ಡಾಲರ್ ಬೇಡಿಕೆ. 2012ರ ಕೊನೆಗೆ ಇಬ್ಬರೂ ರಾಜಿಯಾದರು. ಎರಡೂವರೆ ಡಾಲರ್ ಸರಿಯೋ ತಪ್ಪೋ ಎಂದು ಯಾವ ನ್ಯಾಯಾಧೀಶರೂ ಹೇಳಬೇಕಾಗಲಿಲ್ಲ.

“ಪುಟವನ್ನೇ ಮಾರಿಬಿಡಿ” ಎಂಬ ಮೆಸೇಜುಗಳೂ ಬರುತ್ತವೆ. ಇನ್‌ಸ್ಟಾಗ್ರಾಂ ತನ್ನ ನಿಯಮಗಳಲ್ಲೇ ಖಾತೆಯ ಕೊಡು-ಕೊಳ್ಳುವಿಕೆಯನ್ನು ನಿಷೇಧಿಸಿದೆ. ಮಾರುವ ಹಕ್ಕೇ ಇಲ್ಲದ ವಸ್ತುವನ್ನು ಆಸ್ತಿ ಎನ್ನುವುದು ಹೇಗೆ? ಬಾಡಿಗೆ ಅಂಗಡಿಯಲ್ಲಿ ಎಷ್ಟೇ ಗಿರಾಕಿ ಕೂಡಿಸಿದರೂ ಕಟ್ಟಡ ನಮ್ಮದಾಗುವುದಿಲ್ಲವಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಲಕ್ಷಗಟ್ಟಲೆ ಫಾಲೋವರ್ ಇದ್ದವರ ಖಾತೆಗಳೂ ರಾತ್ರಿ ಬೆಳಗಾಗುವುದರೊಳಗೆ ಕೆಲಸಕ್ಕೆ ಬಾರದಂತಾದವು. ಅದಕ್ಕೇ ವರ್ಷಕ್ಕೊಮ್ಮೆ ಮನೆಯ ಆಸ್ತಿಪಟ್ಟಿ ಬರೆಯುವಾಗ ಚಿನ್ನ, ಪಿಪಿಎಫ್, ಸೈಟುಗಳ ಸಾಲಿನಲ್ಲಿ ನಾನು ಪುಟವನ್ನು ಸೇರಿಸುವುದಿಲ್ಲ. ಅದಕ್ಕೆ ಜಾಗ ಆದಾಯದ ಸಾಲಿನಲ್ಲಿ ಮಾತ್ರ, ಅದೂ ಬ್ಯಾಂಕಿಗೆ ಬಿದ್ದಷ್ಟೇ.

ಆದಾಯ ಎಂದ ಮೇಲೆ ತೆರಿಗೆಯೂ ಉಂಟು. ದುಡ್ಡಿನ ಬದಲು ಮಿಕ್ಸಿ, ಕುಕ್ಕರ್ ಕೊಟ್ಟರೆ ಅದು ಬಿಟ್ಟಿ ಉಡುಗೊರೆಯಲ್ಲ. 2022ರ ಜುಲೈ 1ರಿಂದ, ಒಬ್ಬರಿಂದಲೇ ವರ್ಷಕ್ಕೆ 20,000 ರೂಪಾಯಿ ಮೀರಿದ ವಸ್ತು ಅಥವಾ ಸೌಲಭ್ಯ ಪಡೆದರೆ ಶೇ 10 ಟಿಡಿಎಸ್ ನಿಯಮ ಬಂದಿದೆ. ವಿಡಿಯೊ ಮಾಡಿ ವಸ್ತು ಹಿಂತಿರುಗಿಸಿದರೆ ಅದು ಅನ್ವಯಿಸದು. ಇಟ್ಟುಕೊಂಡರೆ ಅದೂ ಸಂಪಾದನೆಯೇ. ದುಡ್ಡು ಪಡೆದು ಹೊಗಳಿದರೆ, ಜಾಹೀರಾತು ಎಂದು ಎದ್ದುಕಾಣುವಂತೆ ಬರೆಯಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿದೆ.

ಹಾಗೆ ಬರೆದರೆ ಲೈಕು ಕಡಿಮೆಯಾಗುತ್ತದೆ ಎಂದು ಅಂಜುವವರಿದ್ದಾರೆ. ಆಗಲಿ ಬಿಡಿ. ಜಾಹೀರಾತೆಂದು ತಿಳಿದೂ ಕೊಂಡವರಷ್ಟೇ ಅಂಗಡಿಯವರಿಗೆ ಗಿರಾಕಿ. ಮುಂದಿನ ರೀಲಿನ ರೇಟನ್ನು ಅವರನ್ನು ಎಣಿಸಿಯೇ ಹೇಳಿ.