ಮನೆಯ ಮೂಲೆಯಲ್ಲಿ ಅಣಬೆ: ಹೊಸಬರಿಗೆ ಅನುಭವದ ಪಾಠಗಳು

ಮೈಸೂರಿನ ನಮ್ಮ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹಲವು ವರ್ಷಗಳಿಂದ ಚಿಪ್ಪು ಅಣಬೆ ಬೆಳೆಯುತ್ತಿದ್ದೇನೆ. ಕೇಳಿಕೊಂಡು ಬಂದ ನೆಂಟರಿಗೆ, ನೆರೆಹೊರೆಯವರಿಗೆ ಕಲಿಸಿದ್ದೇನೆ. ಬಂದವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಎಷ್ಟು ದಿನಕ್ಕೆ ಅಣಬೆ ಬರುತ್ತೆ?’ ಅಣಬೆ ಕಣ್ಣಿಗೆ ಕಾಣುವುದು ಮೂರು ನಾಲ್ಕು ವಾರ ಕಳೆದ ಮೇಲೆ. ಆದರೆ ಅದು ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಬೀಜ ಹಾಕುವ ದಿನವೇ. ಒದ್ದೆ ಹುಲ್ಲು ಕಂಡರೆ ಗಾಳಿಯಲ್ಲಿರುವ ಎಷ್ಟೋ ಬಗೆಯ ಬೂಸ್ಟುಗಳು ಬಂದು ಕೂರುತ್ತವೆ. ಅವು ಬೇರೂರುವ ಮುನ್ನ ನಮಗೆ ಬೇಕಾದ ಅಣಬೆ ಇಡೀ ಹುಲ್ಲನ್ನು ಆವರಿಸಿಕೊಳ್ಳುವಂತೆ ಮಾಡುವುದೇ ಬೆಳೆಯುವವರ ಕೆಲಸ. ಮುಂದಿನ ಪಾಠಗಳಲ್ಲಿ ಹೆಚ್ಚಿನವು ಈ ಒಂದು ಮಾತಿನ ವಿವರಣೆ.

1. ಚಿಪ್ಪು ಅಣಬೆಯಿಂದಲೇ ಶುರುಮಾಡಿ

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಬಟನ್ ಅಣಬೆ. ಅದನ್ನು ಬೆಳೆಯಲು ವಾರಗಟ್ಟಲೆ ಕೊಳೆಸಿದ ಕಾಂಪೋಸ್ಟ್ ಬೇಕು, ಅಣಬೆ ಮೂಡುವಾಗ 16ರಿಂದ 18 ಡಿಗ್ರಿ ತಂಪು ಬೇಕು. ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಚಿಪ್ಪು ಅಣಬೆಗೆ ಹುಲ್ಲನ್ನು ಕೊಳೆಸಬೇಕಾಗಿಲ್ಲ. ಒಣಹುಲ್ಲಿನ ನಾರನ್ನೇ ಕರಗಿಸಿ ತಿನ್ನುವ ಶಕ್ತಿ ಅದಕ್ಕಿದೆ. 20ರಿಂದ 30 ಡಿಗ್ರಿಯೊಳಗೆ ಚೆನ್ನಾಗಿ ಬರುತ್ತದೆ. ಭತ್ತದ ಹುಲ್ಲಿನಲ್ಲಿ ಈ ಅಣಬೆಯನ್ನು ಬೆಳೆಯುವ ಕ್ರಮಕ್ಕೆ ನಮ್ಮೂರಿನ ನಂಟೂ ಇದೆ. 1962ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಜಕಿಯಾ ಬಾನೊ ಮತ್ತು ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆದು ದಾರಿ ತೋರಿಸಿದರು.

2. ಬೀಜ ಕೊಳ್ಳುವಾಗ ಬಣ್ಣ, ವಾಸನೆ, ತಾರೀಖು ನೋಡಿ

ಅಣಬೆ ಬೀಜವೆಂದರೆ ಬೇಯಿಸಿ ಶುದ್ಧಮಾಡಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ನೂಲು. ಒಳ್ಳೆಯ ಬೀಜದಲ್ಲಿ ಕಾಳುಗಳು ಹತ್ತಿಯಂಥ ಬಿಳುಪಿನಿಂದ ಮುಚ್ಚಿರುತ್ತವೆ, ಅಣಬೆಯ ಹಿತವಾದ ವಾಸನೆ ಇರುತ್ತದೆ. ಹಸಿರು, ಕಪ್ಪು ಚುಕ್ಕೆ ಕಂಡರೆ, ಹುಳಿವಾಸನೆ ಬಂದರೆ, ಚೀಲದ ತಳದಲ್ಲಿ ಹಳದಿ ನೀರು ತುಂಬಿ ನಿಂತಿದ್ದರೆ ಕೊಳ್ಳಬೇಡಿ. ತಯಾರಾಗಿ ತಿಂಗಳು ಮೀರಿದ ಬೀಜಕ್ಕೆ ಕಸುವು ಕಡಿಮೆ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ತರಬೇತಿಯೂ ಸಿಗುತ್ತವೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ. ಬೀಜ ಯಾವಾಗಲೂ ಸಿದ್ಧವಿರುವುದಿಲ್ಲ, ಮೊದಲೇ ಹೇಳಿಡಬೇಕು. ಅದು ಕೈಗೆ ಬರುವ ದಿನ ಗೊತ್ತಾದ ಮೇಲೆ ಹುಲ್ಲು ನೆನೆಸಿ.

3. ಹುಲ್ಲು ಹೊಸದಿರಲಿ, ಮಳೆ ಕಂಡಿರಬಾರದು

ಆ ವರ್ಷದ ಸುಗ್ಗಿಯ, ಹೊಂಬಣ್ಣದ, ಮುರಿದರೆ ಚಟ್ಟೆಂದು ಸದ್ದಾಗುವ ಭತ್ತದ ಹುಲ್ಲು ಎಲ್ಲಕ್ಕಿಂತ ಒಳ್ಳೆಯದು. ಮೆದೆಯ ಮೇಲ್ಪದರದ್ದು, ಮಳೆಗೆ ನೆನೆದು ಕಪ್ಪಾದದ್ದು ಬೇಡ. ಅದರಲ್ಲಿ ಬೇರೆ ಬೂಸ್ಟುಗಳು ಆಗಲೇ ಮನೆಮಾಡಿರುತ್ತವೆ, ನಮ್ಮ ಅಣಬೆಗೆ ಬೇಕಾದ ಸತ್ವವನ್ನೂ ತಿಂದು ಮುಗಿಸಿರುತ್ತವೆ. ಭತ್ತದ ಹುಲ್ಲು ಸಿಗದ ಕಡೆ ರಾಗಿ ಹುಲ್ಲು, ಕಬ್ಬಿನ ಸಿಪ್ಪೆ, ಜೋಳದ ದಂಟು ಕೂಡ ಆಗುತ್ತವೆ. ಬೆರಳುದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ, ಎರಡು ಮೂರು ಇಂಚಿಗೆ ಕತ್ತರಿಸಿ. ತುಂಡು ಉದ್ದವಾದರೆ ಚೀಲದೊಳಗೆ ಪೊಳ್ಳು ಉಳಿಯುತ್ತದೆ. ಅಣಬೆಯ ನೂಲು ಪೊಳ್ಳನ್ನು ದಾಟಲು ತಡವಾಗುತ್ತದೆ.

4. ಬಿಸಿನೀರಿನ ಹೊತ್ತನ್ನು ಕಡಿಮೆ ಮಾಡಬೇಡಿ

ಕತ್ತರಿಸಿದ ಹುಲ್ಲನ್ನು ಗೋಣಿಚೀಲಕ್ಕೆ ತುಂಬಿ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ. ಬೆಳಿಗ್ಗೆ ಆ ನೀರು ಬಸಿದು, ಹಂಡೆಯಲ್ಲಿ 80 ಡಿಗ್ರಿಗೆ ಕಾದ ನೀರಿನಲ್ಲಿ ಚೀಲವನ್ನು ಪೂರಾ ಮುಳುಗಿಸಿ ಒಂದು ಗಂಟೆ ಇಡಿ. ಮೇಲೆ ಭಾರ ಹೇರಿ, ಇಲ್ಲದಿದ್ದರೆ ಹುಲ್ಲು ತೇಲುತ್ತದೆ. ಹುಲ್ಲು ಬಿದ್ದೊಡನೆ ನೀರಿನ ಕಾವು ಇಳಿಯುತ್ತದೆ. ಮತ್ತೆ 80ಕ್ಕೆ ಏರಿದ ಮೇಲೆಯೇ ಗಂಟೆ ಲೆಕ್ಕ ಹಾಕಬೇಕು.

ಇದರ ಉದ್ದೇಶ ಹುಲ್ಲಿನಲ್ಲಿರುವ ಪ್ರತಿಯೊಂದು ಜೀವಿಯನ್ನೂ ಕೊಲ್ಲುವುದಲ್ಲ. ಈ ಕಾವಿಗೆ ಬೂಸ್ಟಿನ ಬೀಜಕಣಗಳು, ಹುಳುಗಳ ಮೊಟ್ಟೆಗಳು ಬಹುಪಾಲು ಸಾಯುತ್ತವೆ. ಶಾಖ ತಡೆಯುವ ಕೆಲವು ಬ್ಯಾಕ್ಟೀರಿಯಾಗಳು ಉಳಿಯುತ್ತವೆ. ಅವು ಅಣಬೆಗೆ ತೊಂದರೆ ಕೊಡದೆ, ಹೊಸ ಬೂಸ್ಟುಗಳಿಗೆ ಜಾಗ ಸುಲಭವಾಗಿ ಸಿಗದಂತೆ ತಡೆಯುತ್ತವೆ. ಹಾಲು ಕಾಯಿಸಿ, ಆರಿಸಿ, ಹದವಾದ ಬಿಸಿಯಲ್ಲಿ ಸಾಕಷ್ಟು ಹೆಪ್ಪು ಹಾಕುತ್ತೇವಲ್ಲ, ತತ್ವ ಅದೇ.

ಕಾರ್ಬೆಂಡಜಿಮ್ ಮತ್ತು ಫಾರ್ಮಾಲಿನ್ ಬೆರೆಸಿದ ನೀರಿನಲ್ಲಿ ನೆನೆಸುವ ಪದ್ಧತಿಯೂ ಇದೆ. ದೊಡ್ಡ ಪ್ರಮಾಣದಲ್ಲಿ ಬೆಳೆಯುವವರು ಅದನ್ನು ಅನುಸರಿಸುತ್ತಾರೆ. ಫಾರ್ಮಾಲಿನ್ ಆವಿ ಕಣ್ಣು, ಮೂಗು, ಶ್ವಾಸಕೋಶಕ್ಕೆ ಕೆಟ್ಟದ್ದು. ಮಕ್ಕಳು, ಹಿರಿಯರು ಓಡಾಡುವ ಮನೆಯಲ್ಲಿ ಅದು ಖಂಡಿತ ಬೇಡ. ಒಂದೆರಡು ಚೀಲಕ್ಕೆ ಬಿಸಿನೀರು ಧಾರಾಳ ಸಾಕು.

5. ಹಿಂಡಿ ನೋಡದೆ ಬೀಜ ಮುಟ್ಟಬೇಡಿ

ಬಿಸಿನೀರಿನಿಂದ ತೆಗೆದ ಹುಲ್ಲನ್ನು ಶುಭ್ರವಾದ ಶೀಟಿನ ಮೇಲೆ, ನೆರಳಲ್ಲಿ ಹರಡಿ ಆರಿಸಿ. ಹದ ನೋಡಲು ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ಹಿಂಡಿ. ಅಂಗೈ ಒದ್ದೆಯಾಗಬೇಕು, ಆದರೆ ಬೆರಳ ಸಂದಿಯಿಂದ ನೀರು ಇಳಿಯಬಾರದು. ಆಗ ಹುಲ್ಲಿನಲ್ಲಿ ನೂರಕ್ಕೆ ಸುಮಾರು 65 ಪಾಲು ತೇವಾಂಶವಿರುತ್ತದೆ. ನೀರು ಹೆಚ್ಚಾದರೆ ಚೀಲದ ತಳ ಹುಳಿತು ನಾರುತ್ತದೆ, ಕಡಿಮೆಯಾದರೆ ನೂಲು ಅರ್ಧದಲ್ಲೇ ನಿಲ್ಲುತ್ತದೆ. ಹೊಸಬರ ಚೀಲ ಕೆಡುವುದು ಹೆಚ್ಚಾಗಿ ನೀರು ಜಾಸ್ತಿಯಾಗಿಯೇ. ಸಂಶಯವಿದ್ದರೆ ಇನ್ನರ್ಧ ಗಂಟೆ ಆರಲು ಬಿಡಿ. ಕೈಗೆ ಬೆಚ್ಚಗೆನಿಸಿದರೂ ಕಾಯಿರಿ. 30 ಡಿಗ್ರಿಗಿಂತ ತಣ್ಣಗಾದ ಮೇಲೆ ಬೀಜ ಹಾಕಿ.

6. ಬೀಜದಲ್ಲಿ ಜುಗ್ಗತನ ಬೇಡ, ಕೈ ಚುರುಕಿರಲಿ

1 ಕೆ.ಜಿ. ಒಣಹುಲ್ಲಿಗೆ 100 ಗ್ರಾಂ ಬೀಜ ಎಂದು ಲೆಕ್ಕವಿಟ್ಟುಕೊಳ್ಳಿ. ಬೀಜ ಹೆಚ್ಚು ಕಡೆ ಬಿದ್ದಷ್ಟೂ ಹುಲ್ಲು ಬೇಗ ಬೆಳ್ಳಗಾಗುತ್ತದೆ, ಬೂಸ್ಟಿಗೆ ಸಿಗುವ ಸಮಯ ಅಷ್ಟು ಕಡಿಮೆಯಾಗುತ್ತದೆ. ಕೋಣೆಯ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ಕೈಯನ್ನು ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಿಕೊಳ್ಳಿ. 12 ಇಂಚು ಅಗಲ, 24 ಇಂಚು ಉದ್ದದ ಪಾಲಿಥೀನ್ ಚೀಲ ಮನೆಗೆ ಅನುಕೂಲ. ನಾಲ್ಕು ಬೆರಳು ದಪ್ಪ ಹುಲ್ಲು, ಅದರ ಮೇಲೆ ಅಂಚಿನ ಸುತ್ತ ಬೀಜ, ಮತ್ತೆ ಹುಲ್ಲು, ಹೀಗೆ ಪದರ ಪದರವಾಗಿ ಒತ್ತಿ ತುಂಬಿ. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಬೀಜ ಸ್ವಲ್ಪ ಹೆಚ್ಚಿರಲಿ, ಗಾಳಿಯಿಂದ ಬರುವ ಬೂಸ್ಟು ಇಳಿಯುವುದು ಅಲ್ಲಿಗೇ. ಬಾಯಿ ಬಿಗಿದು ಕಟ್ಟಿ, ಸುತ್ತಲೂ ಹತ್ತು ಹನ್ನೆರಡು ಸಣ್ಣ ತೂತು ಮಾಡಿ. ತೂತುಗಳಿಗೆ ಹತ್ತಿ ಇಡಿ.

7. ಎರಡು ಮೂರು ವಾರ ಚೀಲದ ಪಾಡಿಗೆ ಚೀಲವಿರಲಿ

ಈಗ ಅದಕ್ಕೆ ಬೇಕಾದದ್ದು ಕತ್ತಲು, 25 ಡಿಗ್ರಿ ಆಸುಪಾಸಿನ ಶಾಖ ಮತ್ತು ನಮ್ಮ ತಾಳ್ಮೆ. ನೀರು ಚಿಮುಕಿಸಬೇಡಿ, ಬಿಚ್ಚಿ ನೋಡಬೇಡಿ. ಬೆಳೆಯುವ ನೂಲು ತಾನೇ ಶಾಖ ಬಿಡುತ್ತದೆ. ಚೀಲದ ಒಳಗು ಕೋಣೆಗಿಂತ ಒಂದೆರಡು ಡಿಗ್ರಿ ಬೆಚ್ಚಗಿರುವುದರಿಂದ ಚೀಲಗಳನ್ನು ಒತ್ತೊತ್ತಾಗಿ ಇಡಬೇಡಿ.

ಹೊರಗಿನಿಂದಲೇ ಬಣ್ಣ ಓದಲು ಕಲಿಯಿರಿ. ಬಿಳುಪು ಹಬ್ಬುತ್ತಿದ್ದರೆ ಸರಿ. ಅಂಗೈಗಿಂತ ಚಿಕ್ಕ ಹಸಿರು ಮಚ್ಚೆ ಕಂಡರೆ ಆ ಚೀಲವನ್ನು ಬೇರೆ ಕಡೆ ಇಟ್ಟು ಗಮನಿಸಿ. ಎಷ್ಟೋ ಸಲ ಬಿಳುಪು ಅದನ್ನು ಸುತ್ತುವರಿದು ತಡೆಯುತ್ತದೆ. ಹಸಿರು ಹಬ್ಬುತ್ತ ಹೋದರೆ ಚೀಲವನ್ನು ಒಳಗೆ ಬಿಚ್ಚದೆ ಹೊರಗೊಯ್ದು ಮಣ್ಣಿನಲ್ಲಿ ಹೂಳಿ. ಕಪ್ಪು ಮಸಿಯಾಗಿ ಕರಗುವ ತೆಳ್ಳನೆಯ ಕೊಡೆಗಳು ಎದ್ದರೆ ಅದು ಬೇರೆ ಅಣಬೆ, ತಿನ್ನಬಾರದು. ಹುಲ್ಲಿಗೆ ಶಾಖ ಸಾಲದಾಗಿತ್ತು ಎಂಬ ಸೂಚನೆ ಅದು.

8. ಬೆಳ್ಳಗಾದ ಮೇಲೆ ನಡೆ ಬದಲಿಸಿ

ಇಲ್ಲಿಯವರೆಗೆ ಮುಚ್ಚಿಟ್ಟದ್ದನ್ನು ಇನ್ನು ತೆರೆಯಬೇಕು. ಚೀಲ ಪೂರ್ತಿ ಬೆಳ್ಳಗೆ ಗಟ್ಟಿಯಾದಾಗ ಬೆಳಕು, ಗಾಳಿ, ತೇವ ಇರುವಲ್ಲಿ ನೇತುಹಾಕಿ, ಬ್ಲೇಡಿನಿಂದ ಐದಾರು ಕಡೆ ಸೀಳಿ. ಓದಲು ಸಾಕಾಗುವಷ್ಟು ಬೆಳಕಿರಲಿ, ನೇರ ಬಿಸಿಲು ಬೇಡ. ನಾಲ್ಕೈದು ದಿನದಲ್ಲಿ ಸೀಳಿದ ಕಡೆ ಸಾಸಿವೆ ಗಾತ್ರದ ಮೊಗ್ಗುಗಳು ಮೂಡುತ್ತವೆ.

ಅಣಬೆಯ ಆಕಾರ ನೋಡಿದರೆ ಕೋಣೆಯ ಕೊರತೆ ಗೊತ್ತಾಗುತ್ತದೆ. ತೊಟ್ಟು ಉದ್ದವಾಗಿ ಕೊಡೆ ಚಿಕ್ಕದಾಗಿದ್ದರೆ ಗಾಳಿ ಸಾಲದು. ಅಣಬೆ ಬಿಡುವ ಇಂಗಾಲದ ಡೈಆಕ್ಸೈಡ್ ಅಲ್ಲೇ ನಿಂತಿದೆ. ಕೊಡೆಯ ಅಂಚು ಒಣಗಿ ಬಿರಿದರೆ ತೇವ ಸಾಲದು. ಮೊಗ್ಗು ಹಳದಿಯಾಗಿ ಕೊಳೆತರೆ ನೀರು ಅದರ ಮೇಲೆಯೇ ನಿಲ್ಲುತ್ತಿದೆ. ಕಿಟಕಿಗೆ ಸಣ್ಣ ಕಣ್ಣಿನ ಸೊಳ್ಳೆಪರದೆ ಹಾಕಿದರೆ ಗಾಳಿಯೂ ಬರುತ್ತದೆ, ಮೊಟ್ಟೆಯಿಟ್ಟು ನೂಲು ತಿನ್ನುವ ಮರಿಗಳನ್ನು ಹುಟ್ಟಿಸುವ ಸಣ್ಣ ನೊಣಗಳೂ ದೂರವಿರುತ್ತವೆ.

9. ನೀರು ಕೋಣೆಗೆ ಕೊಡಿ

ಈ ಹಂತದಲ್ಲಿ ಗಾಳಿಯ ತೇವ ನೂರಕ್ಕೆ 80ರಿಂದ 85 ಪಾಲು ಇರಬೇಕು. ನೆಲ, ಗೋಡೆ, ಸುತ್ತ ಇಳಿಬಿಟ್ಟ ಗೋಣಿತಾಟನ್ನು ದಿನಕ್ಕೆ ಎರಡು ಮೂರು ಸಲ ಒದ್ದೆ ಮಾಡಿ. ಮೊಗ್ಗು ದೊಡ್ಡದಾಗುವವರೆಗೂ ನೇರವಾಗಿ ಚಿಮುಕಿಸಬೇಡಿ. ಆಮೇಲೂ ಮಂಜಿನಂಥ ಹನಿ ಸಾಕು.

10. ಅಂಚು ಒಳಬಾಗಿರುವಾಗಲೇ ಕೊಯ್ಯಿರಿ

ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಅಣಬೆ ಕೊಯ್ಲಿಗೆ ಬರುತ್ತದೆ. ಅಂಚು ಚಪ್ಪಟೆಯಾಗಿ ಮೇಲಕ್ಕೆ ಸುರುಳಿಕೊಂಡರೆ ರುಚಿ ತಗ್ಗುತ್ತದೆ, ಬಿಳಿ ಪುಡಿಯಂತೆ ಬೀಜಕಣ ಉದುರುತ್ತದೆ. ಈ ಪುಡಿ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಮಲಗುವ ಕೋಣೆಯಲ್ಲಿ ಬೆಳೆಯಬೇಡಿ, ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ. ಗೊಂಚಲನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿ ಕೀಳಿ. ತುಂಡು ಉಳಿದರೆ ಕೊಳೆಯುತ್ತದೆ.

ವಾರ, ಹತ್ತು ದಿನದ ಅಂತರದಲ್ಲಿ ಇನ್ನೆರಡು ಕೊಯ್ಲು ಸಿಗುತ್ತದೆ. 1 ಕೆ.ಜಿ. ಒಣಹುಲ್ಲಿಗೆ ಎಲ್ಲ ಸೇರಿ ಅರ್ಧದಿಂದ ಮುಕ್ಕಾಲು ಕೆ.ಜಿ. ಬಂದರೆ ಹೊಸಬರಿಗೆ ಅದು ಒಳ್ಳೆಯ ಫಸಲು. ಉಳಿದ ಹುಲ್ಲು ಎರೆಗೊಬ್ಬರಕ್ಕೆ, ಕರಿಬೇವಿನ ಬುಡಕ್ಕೆ ಹೋಗಲಿ.

11. ಋತುವಿಗೆ ತಕ್ಕ ಅಣಬೆ ಆರಿಸಿ

ಮೈಸೂರಿನಲ್ಲಿ ಜೂನ್‌ನಿಂದ ಫೆಬ್ರವರಿವರೆಗೆ ಚಿಪ್ಪು ಅಣಬೆ ಹೆಚ್ಚು ಕಷ್ಟವಿಲ್ಲದೆ ಬರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಲ್ಲಿ ಅದನ್ನು ಬಲವಂತಪಡಿಸುವುದಕ್ಕಿಂತ ಹಾಲು ಅಣಬೆ ಬೆಳೆಯುವುದು ಮೇಲು. 30ರಿಂದ 35 ಡಿಗ್ರಿ ಅದಕ್ಕೆ ಹಿತ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1998ರಲ್ಲಿ ಎಪಿಕೆ–2 ತಳಿ ಬಿಡುಗಡೆ ಮಾಡಿದ ಮೇಲೆ ದಕ್ಷಿಣದಲ್ಲಿ ಅದು ಹರಡಿತು. ಬೆಳ್ಳಗಾದ ಹುಲ್ಲಿನ ಮೇಲೆ ಶುದ್ಧಗೊಳಿಸಿದ ಮಣ್ಣಿನ ಪದರ ಹಾಕುವ ಹೆಚ್ಚುವರಿ ಕೆಲಸವಿದೆ. ಹಾಗಾಗಿ ಚಿಪ್ಪು ಅಣಬೆಯಲ್ಲಿ ಕೈ ಪಳಗಿದ ಮೇಲೆ ಅದಕ್ಕೆ ಇಳಿಯಿರಿ.

12. ಬೆಳೆಯಲು ಕಲಿತವರು ಕಾಡಿನ ಅಣಬೆ ಬಲ್ಲವರಾಗುವುದಿಲ್ಲ

ಮೊದಲ ಮಳೆಗೆ ಹುತ್ತದ ಬಳಿ ಏಳುವ ಅಣಬೆಯನ್ನೂ ಮನೆಯಲ್ಲಿ ಬೆಳೆಯಬಹುದೇ ಎಂದು ಕೇಳುತ್ತಾರೆ. ಅದು ಗೆದ್ದಲಿನ ಜೊತೆಗೇ ಬದುಕುವ ಅಣಬೆ. ಗೆದ್ದಲು ಸಾಕುವ ಆ ಶಿಲೀಂಧ್ರ ನಮ್ಮ ಚೀಲಕ್ಕೆ ಒಗ್ಗುವುದಿಲ್ಲ. ಅದನ್ನು ಗುರುತಿಸುವ ಜ್ಞಾನ ಮಲೆನಾಡಿನ ಹಿರಿಯರಿಂದ ವರ್ಷಗಟ್ಟಲೆ ಕಲಿಯಬೇಕಾದದ್ದು. ಬೆಳ್ಳಿ ನಾಣ್ಯ, ಅರಿಸಿನ, ಬೆಳ್ಳುಳ್ಳಿ ಹಾಕಿ ವಿಷ ಪತ್ತೆಮಾಡುವ ಯಾವ ಪರೀಕ್ಷೆಯನ್ನೂ ನಂಬಬೇಡಿ. ಬಿತ್ತದೆ ಎದ್ದ ಅಣಬೆ ನಿಮ್ಮದೇ ಚೀಲದ ಮೇಲಿದ್ದರೂ ತಿನ್ನಬೇಡಿ. ನೀವು ಬೆಳೆದದ್ದನ್ನೂ ಚೆನ್ನಾಗಿ ಬೇಯಿಸಿಯೇ ತಿನ್ನಿ.

13. ಮಾರಾಟ ಕೊನೆಯ ಮಾತಾಗಲಿ

‘ಬೀಜ ನಾವೇ ಕೊಡ್ತೀವಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ತೀವಿ’ ಎಂದು ಮುಂಗಡ ಕೇಳುವವರಿಗೆ ಹೊಸಬರು ಹಣ ಕೊಡಬಾರದು. ಕೊಯ್ದ ಚಿಪ್ಪು ಅಣಬೆ ಫ್ರಿಜ್‌ನಲ್ಲಿ ಇಟ್ಟರೂ ಮೂರು ನಾಲ್ಕು ದಿನಕ್ಕೆ ಬಾಡುತ್ತದೆ. ಕೊಳ್ಳುವವರು ಹತ್ತಿರದಲ್ಲಿ ಇಲ್ಲದಿದ್ದರೆ ಒಳ್ಳೆಯ ಫಸಲೇ ನಷ್ಟವಾಗುತ್ತದೆ. ಮೊದಲು ಒಂದೆರಡು ಚೀಲ ಬೆಳೆದು ಮನೆಯಲ್ಲಿ ಸಾರು, ಪಲ್ಯ ಮಾಡಿ. ಹುಲ್ಲು ಎಲ್ಲಿಯದು, ನೀರು ಎಷ್ಟು ಹೊತ್ತು ಕಾಯಿತು, ಬೀಜದ ತಾರೀಖು, ಕೋಣೆಯ ಶಾಖ, ಕೊಯ್ದ ತೂಕ, ಇಷ್ಟನ್ನು ಪ್ರತಿ ಚೀಲಕ್ಕೂ ಬರೆದಿಡಿ. ಮಳೆ, ಚಳಿ, ಬೇಸಿಗೆ ಮೂರರಲ್ಲೂ ನಿಮ್ಮ ಕೋಣೆ ಹೇಗೆ ನಡೆದುಕೊಳ್ಳುತ್ತದೆಂದು ಆ ಪುಸ್ತಕವೇ ತಿಳಿಸುತ್ತದೆ. ಕೆಡುವ ಚೀಲಗಳು ಕಡಿಮೆಯಾಗಿ, ನೆರೆಯವರು ತಾವಾಗಿ ಬಂದು ‘ಮುಂದಿನ ವಾರ ನಮಗೂ ಅರ್ಧ ಕೆ.ಜಿ. ಇಡಿ’ ಎಂದು ದುಡ್ಡು ಕೊಡಲು ಶುರುಮಾಡಿದಾಗ ಚೀಲಗಳ ಸಂಖ್ಯೆ ಹೆಚ್ಚಿಸಿ.